ಮುಖ ನೋಡಿ ಬರೆದದ್ದು

ನನ್ನ ಮಗು ಏಳನೇ ತಿಂಗಳಲ್ಲಿ ಹೊಟ್ಟೆಯೊಳಗೇ ತೀರಿಕೊಂಡಿತು ಎಂದು ಕೇಳಿದವರು ಮೊದಲು ಅಯ್ಯೋ ಅನ್ನುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು, "ನೀವೇ ನರ್ಸ್ ಅಲ್ವಾ?" ಎಂದು ಕೇಳುತ್ತಾರೆ. ಕೆಟ್ಟ ಮನಸ್ಸಿನಿಂದ ಕೇಳುವುದಿಲ್ಲ. ನರ್ಸಿಗೇ ಹೀಗಾದರೆ ನಮ್ಮ ಗತಿ ಏನು ಎಂಬ ಭಯ ಅದು. ನಾನು "ಹೌದು, ಹಣೆಬರಹ" ಎಂದು ಮಾತು ಮುಗಿಸುತ್ತಿದ್ದೆ. ಆ ಉತ್ತರ ಸುಳ್ಳು. ನಿಜ ಏನಾಯಿತೆಂದು ಇಲ್ಲಿ ಬರೆಯುತ್ತೇನೆ. ನರ್ಸಿಂಗ್ ಓದುತ್ತಿರುವ ಹುಡುಗಿಯರು ಓದಲಿ. ಮಗು ಕಳೆದುಕೊಂಡು, ಮನೆಯವರ ಮುಖ ನೋಡಲಾಗದೆ ಕೂತಿರುವವರೂ ಓದಲಿ.

ನಾನು ಪಿಯುಸಿ ಮುಗಿಸಿ ಎರಡು ವರ್ಷದ ನರ್ಸಿಂಗ್ ತರಬೇತಿ ಮಾಡಿದವಳು. ಹುಟ್ಟಿ ಬೆಳೆದದ್ದು ಕೋಣನಕುಂಟೆ. ಅಮ್ಮ ನಾನು ಓದುತ್ತಿರುವಾಗಲೇ ಹೋದರು. ಮದುವೆಯಾಗಿ ಬಿಟಿಎಂಗೆ ಬಂದೆ. ಗಂಡ ಬಸವರಾಜ ಗದಗದ ಕಡೆಯವರು, ಒಂದು ಆಫೀಸಿನಲ್ಲಿ ಲಿಫ್ಟು, ಜನರೇಟರು ನೋಡಿಕೊಳ್ಳುವ ಕೆಲಸ. ಮಾವ ತೀರಿದ ಮೇಲೆ ಅತ್ತೆ ಗಂಗವ್ವ ಊರು ಬಿಟ್ಟು ನಮ್ಮ ಬಾಡಿಗೆ ಮನೆಗೇ ಬಂದರು. ನನ್ನ ಕೆಲಸ ಜೆಪಿ ನಗರದ ಒಂದು ಸಣ್ಣ ನರ್ಸಿಂಗ್ ಹೋಂನಲ್ಲಿ, ಬಸುರಿಯರ ತಪಾಸಣೆ ಕೋಣೆಯಲ್ಲಿ.

ಆ ಕೋಣೆಯ ಕೆಲಸ ಹೀಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಬೆಂಚು ತುಂಬಿರುತ್ತದೆ. ಒಬ್ಬೊಬ್ಬರನ್ನೇ ಕರೆದು ತೂಕ ನೋಡಬೇಕು, ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಬೇಕು, ಕಾರ್ಡಿನಲ್ಲಿ ಬರೆದು ಡಾಕ್ಟರ್ ಮೇಡಂ ಕೋಣೆಗೆ ಕಳಿಸಬೇಕು. ಮೇಡಂ ಬರುವ ಹೊತ್ತಿಗೆ ಹದಿನೈದು ಕಾರ್ಡಾದರೂ ಮೇಜಿನ ಮೇಲಿರಬೇಕು. ಪಟ್ಟಿ ಕಟ್ಟುವ ಮೊದಲು ಬಂದವರು ಐದು ನಿಮಿಷ ಸುಮ್ಮನೆ ಕೂರಬೇಕೆಂದು ನಮಗೆ ಕಲಿಸಿದ್ದರು. ಆ ಐದು ನಿಮಿಷ ಎಲ್ಲಿಂದ ತರುವುದು? ಹಾಗಾಗಿ ನಮ್ಮಲ್ಲಿ ಒಂದು ರೂಢಿ ಬೆಳೆದಿತ್ತು. ವಯಸ್ಸು ಚಿಕ್ಕದು, ಮುಖ ಲವಲವಿಕೆಯಿಂದಿದೆ, ಹೋದ ಸಲ ಸರಿಯಾಗಿತ್ತು ಎಂದರೆ ಪಟ್ಟಿ ಕಟ್ಟದೆ ನೂರ ಹತ್ತು, ಎಪ್ಪತ್ತು ಎಂದು ಬರೆದುಬಿಡುತ್ತಿದ್ದೆವು. ಇದನ್ನು ನಾವು ನಮ್ಮನಮ್ಮಲ್ಲೇ ಮುಖ ನೋಡಿ ಬರೆಯೋದು ಅನ್ನುತ್ತಿದ್ದೆವು. ನನಗಿಂತ ಹಿರಿಯ ಸಿಸ್ಟರ್ ನನಗೆ ಕಲಿಸಿದರು. ನಾನು ತರಬೇತಿಗೆ ಬರುವ ಹುಡುಗಿಯರಿಗೆ ಕಲಿಸಿದೆ. "ಎಲ್ಲರದ್ದೂ ನೋಡ್ತಾ ಕೂತ್ರೆ ಮಧ್ಯಾಹ್ನದ ಊಟಾನೂ ಇಲ್ಲ," ಎಂದು ನಗುತ್ತಾ ಹೇಳಿದ್ದು ನೆನಪಿದೆ.

ಮದುವೆಯಾಗಿ ಐದು ವರ್ಷಕ್ಕೆ ನಾನು ಬಸುರಿಯಾದೆ. ತಪಾಸಣೆಯೂ ಅಲ್ಲೇ. ಕಾರ್ಡು ನನ್ನ ಕೈಚೀಲದಲ್ಲೇ ಇರುತ್ತಿತ್ತು. ಮೊದಮೊದಲು ಜೊತೆಯವರು ಪಟ್ಟಿ ಕಟ್ಟಿ ನೋಡಿದರು. ಐದನೇ ತಿಂಗಳ ನಂತರ, ಕೆಲಸದ ನಡುವೆ, ನನ್ನ ಕಾರ್ಡನ್ನೂ ನಾನೇ ಬರೆದುಕೊಳ್ಳತೊಡಗಿದೆ. ಮುಖ ನೋಡಿ. ನನ್ನ ಮುಖ ನನಗೆ ಕಾಣಿಸುತ್ತಿರಲಿಲ್ಲ ಎಂಬುದು ಬೇರೆ ಮಾತು.

ಏಳನೇ ತಿಂಗಳು ಬಂತು. ಅತ್ತೆ ಒಂದು ಸಂಜೆ ಅಕ್ಕಿ ಆರಿಸುತ್ತಾ, "ಮಂಜೂ, ಕುಬಸ ಮಾಡೋಣವಾ," ಅಂದರು. ನಮ್ಮ ಕಡೆ ಸೀಮಂತ ಅನ್ನುವುದನ್ನು ಅವರ ಕಡೆ ಕುಬಸ ಅನ್ನುತ್ತಾರೆ. ಹಸಿರು ಸೀರೆ, ಹಸಿರು ಕುಪ್ಪಸ ತವರಿನವರು ತರಬೇಕು.

"ತರೋರ್ಯಾರು ಅತ್ತೆ, ನಮ್ಮಮ್ಮ ಇಲ್ವಲ್ಲ," ಅಂದೆ.

"ಇರಲಿಕ್ಕಂದ್ರ ಏನಾತು, ನಾ ಅದೀನಲ್ಲ. ಅತ್ತೀನೂ ನಾನ, ಅವ್ವನೂ ನಾನ. ಎರಡೂ ಕಡೀಂದ ನಾನ ಜಗಳಾ ತಗೀತೀನಿ, ಆತಿಲ್ಲೋ?"

ಅವತ್ತು ತುಂಬಾ ನಕ್ಕೆವು. ನನಗೆ ಆ ಕುಬಸ ಬೇಕಿತ್ತು. ಬೇರೆಯವರ ಸೀಮಂತಕ್ಕೆ ಹೋಗಿ, ಮಕ್ಕಳಿಲ್ಲದವಳೆಂದು ಹಿಂದೆ ನಿಂತು ಬಂದವಳಿಗೆ ಎಷ್ಟು ಬೇಕಾಗಿರುತ್ತದೆಂದು ಗೊತ್ತಿರುವವರಿಗೆ ಗೊತ್ತಿರುತ್ತದೆ.

ಕುಬಸ ಭಾನುವಾರ ಎಂದು ನಿಗದಿಯಾಯಿತು. ಅದಕ್ಕೆ ಮೂರು ದಿನ ಮುಂಚೆ, ಗುರುವಾರ, ನನ್ನ ತಪಾಸಣೆ ಇತ್ತು. ಆಗ ನಮ್ಮಲ್ಲಿ ರೇಖಾ ಎಂಬ ಹುಡುಗಿ ತರಬೇತಿಗೆ ಬಂದಿದ್ದಳು. ನರ್ಸಿಂಗ್ ಎರಡನೇ ವರ್ಷ, ಕೊರಳಲ್ಲಿ ಹೊಸ ಸ್ಟೆತಸ್ಕೋಪು. ಕಂಡವರಿಗೆಲ್ಲ ಪಟ್ಟಿ ಕಟ್ಟುವ ಹುಮ್ಮಸ್ಸು.

"ಸಿಸ್ಟರ್, ಇವತ್ತು ನಿಮ್ದೂ ಇದೆ ಅಲ್ವಾ? ನಾನ್ ನೋಡ್ಲಾ? ನಂಗೂ ಪ್ರಾಕ್ಟೀಸ್ ಆಗುತ್ತೆ."

"ಬೇಡ ಕಣೇ, ಹೊರಗಡೆ ಬೆಂಚ್ ನೋಡು. ನೂರ ಹತ್ತು, ಎಪ್ಪತ್ತು ಬರ್ಕೊ."

"ನೀವೇ ಹಿಂಗಂದ್ರೆ ನಮ್ ಮಿಸ್ ನಂಗೆ ಮಾರ್ಕ್ಸ್ ಕೊಟ್ಟಂಗೇ."

"ನಿಮ್ ಮಿಸ್ಸಿಗೆ ನಾನ್ ಹೇಳ್ತೀನಿ, ಬರಿ."

ಅವಳು ಬರೆದಳು. ಗುಂಡಗಿನ, ಸ್ಕೂಲು ಹುಡುಗಿಯ ಅಕ್ಷರ.

ಭಾನುವಾರ ಊರಿನಿಂದ ಟೆಂಪೋದಲ್ಲಿ ನೆಂಟರು ಬಂದರು. ಅತ್ತೆ ಎರಡು ದಿನದಿಂದ ಅಡುಗೆಮನೆ ಬಿಟ್ಟು ಬಂದಿರಲಿಲ್ಲ. ಶೇಂಗಾ ಹೋಳಿಗೆ, ಕಡುಬು, ಹಪ್ಪಳ, ಊರಿನ ಉಪ್ಪಿನಕಾಯಿ. ಹಸಿರು ಬಳೆ ತೊಡಿಸುವಾಗ ನನ್ನ ಎಂದಿನ ಅಳತೆಯವು ಗೆಣ್ಣು ದಾಟಲಿಲ್ಲ. ಸೋಪು ಹಚ್ಚಿದರೂ ದಾಟಲಿಲ್ಲ. ಗಂಡನ ಚಿಕ್ಕಮ್ಮ ಒಬ್ಬರು, "ಸೊಸಿ ಕೈ ಹೆಂಗ ಉಬ್ಬ್ಯಾವ ನೋಡ. ಅತ್ತಿ ಭಾಳ ಛಲೋ ಉಣಿಸ್ಯಾಳ," ಅಂದರು. ಹೆಂಗಸರೆಲ್ಲ ನಕ್ಕರು. ಅತ್ತೆಗೆ ಹೆಮ್ಮೆಯಾಯಿತು. ನನ್ನ ತಟ್ಟೆಗೆ ಇನ್ನೆರಡು ಹಪ್ಪಳ ಹಾಕಿದರು. ಯಾರೋ ಓಡಿಹೋಗಿ ದೊಡ್ಡ ಅಳತೆಯ ಬಳೆ ತಂದರು. ನಾನು ನನ್ನ ಕೈ ನೋಡಿಕೊಂಡೆ. ಅಂಥ ಊತ ಬಿಪಿ ಏರಿದ್ದರ ಗುರುತಿರಬಹುದೆಂದು ಅಲ್ಲಿದ್ದವರಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಕುಬಸದ ನಂತರದ ವಾರವೆಲ್ಲ ತಲೆನೋವು. ಶುಕ್ರವಾರ ಕೆಲಸದಲ್ಲಿದ್ದಾಗ ಕಣ್ಣ ಮುಂದೆ ಮಿಣುಕು ಹುಳಗಳಂತೆ ಬೆಳಕಿನ ಚುಕ್ಕೆಗಳು ಹಾರಿದವು. ತೂಕದ ಯಂತ್ರ ಹಿಡಿದು ನಿಂತೆ. ರೇಖಾ ನನ್ನನ್ನು ಕೂರಿಸಿ, ಈ ಸಲ ಕೇಳದೆ ಪಟ್ಟಿ ಕಟ್ಟಿದಳು. ಗಾಳಿ ಬಿಟ್ಟಳು. ಮತ್ತೆ ಕಟ್ಟಿದಳು. ಇನ್ನೊಂದು ತೋಳಿಗೂ ಕಟ್ಟಿದಳು.

"ಸಿಸ್ಟರ್, ನಂಗೆ ಇನ್ನೂ ಸರಿಯಾಗಿ ಬರಲ್ಲ ಅನ್ಸತ್ತೆ," ಅಂದಳು. ಅವಳ ಕಣ್ಣಲ್ಲಿ ನೀರಿತ್ತು. "ನೂರ ಎಂಬತ್ತು ತೋರಿಸ್ತಿದೆ."

ಅವಳಿಗೆ ಸರಿಯಾಗಿಯೇ ಬರುತ್ತಿತ್ತು.

ಮೇಡಂ ತಮ್ಮ ಕಾರಿನಲ್ಲೇ ಜಯನಗರದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಮೊದಲು ಫಿಟ್ಸ್ ಬರದಿರಲೆಂದು ಇಂಜೆಕ್ಷನ್ ಕೊಟ್ಟರು. ಮೈಯೆಲ್ಲ ಬೆಂಕಿ ಹಚ್ಚಿದಂತೆ ಬಿಸಿಯಾಯಿತು. ಸ್ಕ್ಯಾನಿಂಗ್ ಕೋಣೆಯ ಹೊರಗೆ ಗಾಲಿ ಮಂಚದ ಮೇಲೆ ಮಲಗಿಸಿದ್ದರು. ಸುತ್ತ ಬೆಂಚುಗಳ ಮೇಲೆ ಬಾಟಲಿ ನೀರು ಕುಡಿಯುತ್ತಾ ಬಸುರಿಯರು ಕೂತಿದ್ದರು. ಒಬ್ಬಳು ನನ್ನ ಕೈಯ ಹಸಿರು ಬಳೆ ನೋಡಿ, "ಅಕ್ಕ, ಸೀಮಂತ ಆಯ್ತಾ? ನಂದು ಮುಂದಿನ್ ವಾರ," ಅಂದಳು. ಆಯ್ತು ಅಂದೆ. ಬೆಳಿಗ್ಗೆಯಿಂದ ಮಗು ಅಲುಗಾಡಿರಲಿಲ್ಲ. ಅಥವಾ ನಿನ್ನೆಯಿಂದಲೋ. ದಿನವೂ ಮೂವತ್ತು ಜನಕ್ಕೆ "ಮಗು ಒದೆಯೋದು ಎಣಿಸಿ" ಎಂದು ಹೇಳುವವಳು ನಾನು, ಎಣಿಸಿರಲಿಲ್ಲ.

ಸ್ಕ್ಯಾನ್ ಮಾಡುವ ಡಾಕ್ಟರ್ ಪರದೆಯನ್ನು ಮೆಲ್ಲಗೆ ತಮ್ಮ ಕಡೆ ತಿರುಗಿಸಿಕೊಂಡರು. ಕೆಟ್ಟ ಸುದ್ದಿಯಿದ್ದರೆ ನಮ್ಮಲ್ಲಿಯೂ ಹಾಗೆಯೇ ಮಾಡುತ್ತಿದ್ದರು. ಅವರು ಬಾಯಿ ತೆರೆಯುವ ಮೊದಲೇ ನನಗೆ ತಿಳಿಯಿತು.

ಹೆರಿಗೆ ಮಾಡಿಸಲು ಒಂದೂವರೆ ದಿನ ಬೇಕಾಯಿತು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಒಂದು ಮಾತು ಮಾತ್ರ. ಸತ್ತ ಮಗುವನ್ನು ತಾಯಿಗೆ ತೋರಿಸಬೇಡಿ ಎಂದು ನಾನು ಎಷ್ಟೋ ಮನೆಯವರಿಗೆ ಹೇಳಿದ್ದೆ. ಅಲ್ಲಿನ ಸಿಸ್ಟರ್ ಮಗುವನ್ನು ಬಿಳಿ ಟವೆಲ್ಲಿನಲ್ಲಿ ಸುತ್ತಿ, ತಲೆಗೂದಲು ಒರೆಸಿ, "ನೋಡ್ತೀರಾ? ಬೇಡ ಅಂದ್ರೂ ಪರ್ವಾಗಿಲ್ಲ. ಆಮೇಲ್ ಬೇಕು ಅನ್ಸಿದ್ರೂ ಹೇಳಿ," ಎಂದು ಕೇಳಿದರು. ನೋಡಿದೆ. ನೋಡಿದ್ದಕ್ಕೆ ಇವತ್ತಿಗೂ ಆ ಸಿಸ್ಟರ್ ನೆನಪಾಗುತ್ತಾರೆ. ಏಳು ತಿಂಗಳಿಗೆ ಮಗು ತೀರಾ ಸಣ್ಣದಿತ್ತು. ಒಂದು ವಾರದಲ್ಲಿ ಹಾಗೆ ಆಗುವುದಿಲ್ಲ. ನನ್ನ ಬಿಪಿ ಏರಿ, ಎಷ್ಟೋ ವಾರಗಳಿಂದ ಅದಕ್ಕೆ ಸಿಗಬೇಕಾದ ರಕ್ತ ಸಿಕ್ಕಿರಲಿಲ್ಲ.

ಆದರೆ ಕಾರ್ಡು ಬೇರೆಯೇ ಹೇಳುತ್ತಿತ್ತು. ಮರುದಿನ ರೌಂಡ್ಸಿಗೆ ಬಂದ ಡಾಕ್ಟರ್ ಅದನ್ನು ತಿರುಗಿಸಿ ನೋಡಿ, "ಹೋದ ವಾರದ ಗುರುವಾರದ ತನಕ ಎಲ್ಲ ನಾರ್ಮಲ್ ಇದೆಯಲ್ಲ. ಆಮೇಲೇನಾಯ್ತು? ಉಪ್ಪು ಗಿಪ್ಪು ಜಾಸ್ತಿ ತಿಂದ್ರಾ?" ಅಂದರು. ಅವಸರದಲ್ಲಿ ಬಂದ ಮಾತು. ಉತ್ತರಕ್ಕೂ ಕಾಯದೆ ಮುಂದಿನ ಹಾಸಿಗೆಗೆ ಹೋದರು.

ಗೋಡೆಗೆ ಒರಗಿ ನಿಂತಿದ್ದ ಅತ್ತೆ ಕೇಳಿಸಿಕೊಂಡರು. ಡಾಕ್ಟರ ಬೆನ್ನಿಗೆ ಹೇಳುವಂತೆ, "ನಾನ ಉಣಿಸಿದೆರೀ. ಹಪ್ಪಳ, ಉಪ್ಪಿನಕಾಯಿ. ಸಾಕು ಅತ್ತಿ ಅಂದ್ರೂ ಬಿಡಲಿಲ್ಲ," ಅಂದರು. ಆಮೇಲೆ ಮಗನ ಕಡೆ ತಿರುಗಿ, "ಬಸೂ, ಗುರುವಾರ ಛಲೋ ಇತ್ತಂತಲೋ," ಅಂದರು. ನನ್ನ ಗಂಡ ಕಾರ್ಡು ತೆಗೆದು ನೋಡಿದರು. "ಹೌದವ್ವ. ನಾರ್ಮಲ್ ಅದ."

ಬಸುರಿಯರಿಗೆ ಬಿಪಿ ಏರುವ ಈ ರೋಗ ಉಪ್ಪಿನ ಊಟದಿಂದ ಬರುವುದಿಲ್ಲ. ನನಗೆ ಗೊತ್ತಿತ್ತು. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಆ ಒಂದು ಮಾತಿನ ಹಿಂದೆಯೇ, ಹಾಗಾದರೆ ಯಾವುದರಿಂದ ಬಂತು, ಗುರುವಾರ ಹೇಗೆ ಸರಿಯಿತ್ತು ಎಂಬ ಪ್ರಶ್ನೆ ಬರುತ್ತಿತ್ತು. ನಾನು ಗೋಡೆಯ ಕಡೆ ಹೊರಳಿ ಮಲಗಿದೆ.

ಮೂರನೇ ದಿನ ಎದೆಯಲ್ಲಿ ಹಾಲು ಬಂತು. ಯಾರಿಗೆಂದು ಅದಕ್ಕೆ ಗೊತ್ತಿಲ್ಲವಲ್ಲ. ವಾರ್ಡಿನ ಆಯಾ ನನ್ನ ಗಂಡನನ್ನು ಕರೆದು, "ಅಣ್ಣ, ನಾಲ್ಕ್ ಮೊಳ ಮಲ್ಲಿಗೆ ತನ್ನಿ," ಅಂದರು. ಬಸವರಾಜ ಏಕೆಂದು ಕೇಳದೆ ತಂದರು. ತಂದು, ನನ್ನ ತಲೆಯ ಕಡೆ ನೋಡುತ್ತಾ ನಿಂತರು. ಮುಡಿಸುವುದಕ್ಕೆಂದು ತಿಳಿದಿದ್ದರು ಪಾಪ. ಆಯಾ ಪರದೆ ಎಳೆದು, ಆ ಹೂವನ್ನು ಎದೆಗೆ ಬಿಗಿಯಾಗಿ ಕಟ್ಟಿದರು, ಹಾಲು ಬತ್ತಲಿ ಎಂದು. ಕಟ್ಟುವಾಗ, "ನಂಗೂ ಒಂದ್ ಸಲ ಕಟ್ಟಿದ್ರು," ಅಂದರು. ಅಷ್ಟೇ ಹೇಳಿದ್ದು. ಅವತ್ತು ನಾನು ಮೊದಲ ಸಲ ಜೋರಾಗಿ ಅತ್ತುಬಿಟ್ಟೆ.

ಮನೆಗೆ ಬಂದ ಮೇಲೆ ರೇಖಾ ಬಾಳೆಹಣ್ಣು ಹಿಡಿದು ನೋಡಲು ಬಂದಳು. ಅತ್ತೆ ಅವಳಿಗೆ ಚಹಾ ಕೊಟ್ಟು, ತಾನು ಉಣಿಸಿದ್ದನ್ನೆಲ್ಲ ಹೇಳಿಕೊಂಡರು. ರೇಖಾ ನನ್ನ ಮುಖ ನೋಡಿದಳು. ನಾನು ಲೋಟ ನೋಡಿದೆ. ಹೋಗುವಾಗ ಗೇಟಿನ ಹತ್ತಿರ, "ಸಿಸ್ಟರ್, ಅವತ್ತು ನಾನೇ ಹಠ ಮಾಡಿ ನೋಡ್ಬೇಕಿತ್ತು," ಅಂದಳು. "ಬಿಡೇ ಅದನ್ನ," ಅಂದೆ. ಇಪ್ಪತ್ತು ವರ್ಷದ ಹುಡುಗಿ, ನನ್ನ ತಪ್ಪಿನಲ್ಲಿ ಒಂದು ಪಾಲು ಹೊತ್ತುಕೊಂಡು ಬಸ್ಸು ಹತ್ತಿದಳು.

ಎರಡು ತಿಂಗಳಿಗೆ ಕೆಲಸಕ್ಕೆ ಮರಳಿದೆ. ಒಬ್ಬರನ್ನೂ ಬಿಡದೆ ಪಟ್ಟಿ ಕಟ್ಟಿದೆ. "ಈ ಸಿಸ್ಟರ್ ಸಖತ್ ಸ್ಲೋ ಗುರು," ಎಂದು ಬೆಂಚಿನ ಮೇಲಿನ ಗಂಡಂದಿರು ಗೊಣಗಿದರು. ಗೊಣಗಲಿ. ಮನೆಯಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ಅತ್ತೆ ತಮ್ಮ ಪಾಲಿನ ಅನ್ನ, ಸಾರಿಗೆ ಉಪ್ಪು ಹಾಕಿಕೊಳ್ಳುವುದನ್ನು ಬಿಟ್ಟಿದ್ದರು. ಹರಕೆಯೆಂದು ಹೇಳಲಿಲ್ಲ, ಯಾರ ಮುಂದೆಯೂ ದೊಡ್ಡದು ಮಾಡಲಿಲ್ಲ. ಸಪ್ಪೆ ಸಾರನ್ನು ಬೇರೆ ಬಟ್ಟಲಿಗೆ ತೆಗೆದಿಟ್ಟುಕೊಂಡು ನನ್ನೆದುರೇ ಕೂತು ಉಣ್ಣುತ್ತಿದ್ದರು. ನಾನು ನನ್ನ ಉಪ್ಪಿನ ಸಾರು ಉಣ್ಣುತ್ತಿದ್ದೆ. ಎಂಟು ತಿಂಗಳು.

ಹೀಗಿರುವಾಗ ಊರಿನಿಂದ ನಾದಿನಿ ಶಾಂತಾಳ ಫೋನು ಬಂತು. ಅವಳಿಗೆ ಏಳು ತಿಂಗಳು. ಕುಬಸದ ದಿನ ನಿಗದಿಯಾಗಿತ್ತು, ತಾಯಿ ಬಂದು ಮಾಡಬೇಕಿತ್ತು. ಅತ್ತೆ ಒಲ್ಲೆ ಅಂದರು.

"ನಿಮ್ಮ ದೊಡ್ಡವ್ವನ ಕಡೆ ಮಾಡಿಸ್ಕೋ. ನಾ ಬರಂಗಿಲ್ಲ. ನನ್ನ ಕೈ ಛಲೋ ಇಲ್ಲ ಶಾಂತಾ."

ಆ ಕಡೆಯಿಂದ ಶಾಂತಾ ಅಳುವುದು ನನಗೂ ಕೇಳಿಸಿತು. ಅತ್ತೆ ಫೋನಿಟ್ಟು ಬಟ್ಟೆ ಮಡಚಲು ಕೂತರು. ಹೆತ್ತ ಮಗಳಿಗೆ ಹಸಿರು ಸೀರೆ ಉಡಿಸಲು ಹೆದರುವ ತಾಯಿಯನ್ನು ನೋಡುತ್ತಾ ಇನ್ನೂ ಸುಮ್ಮನಿರುವುದು ನನ್ನಿಂದ ಆಗಲಿಲ್ಲ. ಅವರೆದುರು ನೆಲದ ಮೇಲೆ ಕೂತೆ.

"ಅತ್ತೆ, ಗುರುವಾರ ನನ್ನ ಬಿಪಿ ಯಾರೂ ನೋಡಿರ್ಲಿಲ್ಲ. ಸುಮ್ನೆ ಬರೆಸಿದ್ದು."

ಅವರಿಗೆ ಅರ್ಥವಾಗಲಿಲ್ಲ. ಎಲ್ಲವನ್ನೂ ಬಿಡಿಸಿ ಹೇಳಿದೆ. ಅದಕ್ಕೂ ಮುಂಚೆ ಎರಡು ಸಲ ಹಾಗೆಯೇ ಬರೆದುಕೊಂಡದ್ದು, ರೇಖಾ ನೋಡುತ್ತೇನೆಂದಾಗ ಬೇಡ ಅಂದದ್ದು, ಹಪ್ಪಳ ಉಪ್ಪಿನಕಾಯಿಗೂ ಇದಕ್ಕೂ ಸಂಬಂಧವಿಲ್ಲ ಎಂಬುದು.

"ಅವಸರಕ್ಕ ಬಿಟ್ಟಿ?" ಎಂದು ಕೇಳಿದರು.

ಹೌದು ಎಂದು ಹೇಳಲು ಬಾಯಿ ತೆರೆದೆ. ನನಗೆ ನಾನು ಅಷ್ಟು ದಿನ ಹೇಳಿಕೊಂಡಿದ್ದೂ ಅದನ್ನೇ. ಆದರೆ ಅವರು ನನ್ನನ್ನೇ ನೋಡುತ್ತಿದ್ದರು.

"ಇಲ್ಲ ಅತ್ತೆ. ಕಾಲು ಆಗ್ಲೇ ಊದಿತ್ತು. ನೋಡಿದ್ರೆ ಜಾಸ್ತಿ ಇರುತ್ತೆ ಅಂತ ಅನುಮಾನ ಇತ್ತು. ಜಾಸ್ತಿ ಇದ್ರೆ ಅಡ್ಮಿಟ್ ಆಗು ಅಂತಿದ್ರು. ಕುಬಸ ನಿಂತುಹೋಗ್ತಿತ್ತು. ಅದಾದ್ಮೇಲೆ ನೋಡಿಸ್ಕೊಂಡ್ರಾಯ್ತು ಅಂದ್ಕೊಂಡೆ. ಆಮೇಲೂ ನಾಳೆ ನಾಳೆ ಅಂತ ದಿನ ತಳ್ಳಿದೆ."

ಇದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ, ಗಂಡನಿಗೂ.

ಅತ್ತೆ ಮಡಚಿದ ಸೀರೆಯನ್ನು ಬಿಚ್ಚಿ ಮತ್ತೆ ಮಡಚಿದರು. ಮಡಚುತ್ತಲೇ ಮಾತಾಡಿದರು. ದನಿ ಏರಲಿಲ್ಲ.

"ಕೂಸು ಹೋದದ್ದಕ್ಕ ನಾ ಏನೂ ಅನ್ನಂಗಿಲ್ಲ. ಅದು ನಿನ್ನ ಹೊಟ್ಟಿ, ನಿನ್ನ ಸಂಕಟ. ಆದ್ರ ಎಂಟ್ ತಿಂಗಳು ನಾ ಸಪ್ಪನ ಅನ್ನಾ ಉಣ್ಣೂದು ನೋಡ್ಕೋತ ಎದುರಿಗೆ ಕುಂತಿದ್ದೆಲ್ಲ ಮಂಜೂ. ಅದು ಹೆಂಗ ಆತು ನಿನ್ನ ಕಡೆ?"

 

ಗಂಡನಿಗೆ ನಾನೇ ಹೇಳಿದೆ. ಅವರು ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಗಂಟೆ ಬಿಟ್ಟು ಬಂದು ಮಲಗಿದರು. ಮರುದಿನ ಅವ್ವನನ್ನು ಬಸ್ಸಿಗೆ ಹತ್ತಿಸಿ ಬಂದರು. ಅತ್ತೆ ಹೋಗಿ ಮಗಳ ಕುಬಸ ಮಾಡಿದರು. ಅಡುಗೆಯನ್ನೂ ಅವರೇ ಮಾಡಿದರಂತೆ. ಶಾಂತಾ ಫೋನಿನಲ್ಲಿ ನನಗೆ ಹೇಳಿದಳು. ಅತ್ತೆ ನನ್ನ ಹತ್ತಿರ ಮಾತಾಡಲಿಲ್ಲ.

ವಾರದ ನಂತರ ಮರಳಿ ಬಂದರು. ಚೀಲ ಇಳಿಸಿ, ಕೈಕಾಲು ತೊಳೆದು, ಚಹಾ ಕುಡಿದರು. ನಾನು ಲೋಟ ತೆಗೆದುಕೊಳ್ಳಲು ಹೋದಾಗ ಕೇಳಿದರು.

"ಉಳದ ಹೆಣ್ಮಕ್ಕಳು?"

"ಯಾರು ಅತ್ತೆ?"

"ನೀ ಹಂಗ ಬರದ್ಯೆಲ್ಲ, ಮಾರಿ ನೋಡಿ. ಅವರೆಲ್ಲ ಹೆಂಗದಾರ?"

"ಗೊತ್ತಿಲ್ಲ."

"ಗೊತ್ತ ಮಾಡ್ಕೋ," ಎಂದು ಒಳಗೆ ಹೋದರು.

ಮರುದಿನ ಮೇಡಂ ಹತ್ತಿರ ಎಲ್ಲ ಹೇಳಿದೆ. ಕೆಲಸ ಹೋಗುತ್ತದೆಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದೇ ನಂಬರ್ ದಿನಾ ನೋಡ್ತಿದ್ದೆ ಮಂಜುಳಾ. ನಂಗೂ ಗೊತ್ತಾಗ್ಬೇಕಿತ್ತು," ಅಂದರು. ನಾನು ಹಾಗೆ ಬರೆದ ತಿಂಗಳುಗಳ ರಿಜಿಸ್ಟರ್ ಕೊಟ್ಟರು. ಅದರಲ್ಲಿ ಹೆಸರು, ಫೋನ್ ನಂಬರ್ ಇತ್ತು.

ಮೊದಲು ರೇಖಾಗೆ ಫೋನ್ ಮಾಡಿದೆ. ತಪ್ಪು ನಿನ್ನದಲ್ಲ, ನಾನು ಅವತ್ತೇ ಹೇಳಬೇಕಿತ್ತು ಅಂದೆ. ಅವಳು ಅತ್ತಳು. ಆಮೇಲೆ ಮನೆಯಲ್ಲಿ ರಿಜಿಸ್ಟರ್ ಹಿಡಿದು ಕೂತೆ. ಕೆಲಸ ಮುಗಿದ ಮೇಲೆ ದಿನಕ್ಕೆ ಐದಾರು ಜನ. ನಾನು ಇಂಥವಳು, ನಿಮ್ಮ ಬಿಪಿಯನ್ನು ಕೆಲವು ಸಲ ನೋಡದೆಯೇ ಬರೆದಿರಬಹುದು, ನೀವೂ ಮಗುವೂ ಚೆನ್ನಾಗಿದ್ದೀರಾ ಎಂದು ಕೇಳುವುದು. ಇಲ್ಲಿಯವರೆಗೆ ಸಿಕ್ಕವರೆಲ್ಲ ಚೆನ್ನಾಗಿದ್ದಾರೆ. ಒಬ್ಬರಿಗೆ ಕೊನೆಯಲ್ಲಿ ಬಿಪಿ ಏರಿ, ತವರಿನಲ್ಲಿ ಬೇಗ ಹೆರಿಗೆ ಮಾಡಿಸಬೇಕಾಯಿತಂತೆ. ಆ ಮನೆಯ ಗಂಡಸರೊಬ್ಬರು ಫೋನ್ ತೆಗೆದುಕೊಂಡು ನನ್ನನ್ನು ಚೆನ್ನಾಗಿ ಬೈದರು. ಪೂರ್ತಿ ಕೇಳಿಸಿಕೊಂಡೆ. ಕೆಲವರು ನನ್ನ ಮಾತು ಅರ್ಥವಾಗದೆ, ಫೋನ್ ಮಾಡಿದ್ದಕ್ಕೇ ಥ್ಯಾಂಕ್ಸ್ ಹೇಳಿದರು. ಬೈಸಿಕೊಳ್ಳುವುದಕ್ಕಿಂತ ಅದು ಕಷ್ಟ. ಕೆಲವು ನಂಬರುಗಳನ್ನು ಇನ್ನೂ ಯಾರೂ ಎತ್ತಿಲ್ಲ.

ನಿನ್ನೆ ಬೇಗೂರಿನ ಒಬ್ಬಳು ಫೋನಿನಲ್ಲಿ ಸಿಕ್ಕಳು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಹಿಂದಿನಿಂದ ಮಗು ಏನೋ ಕುಟ್ಟುವ ಸದ್ದು ಬರುತ್ತಿತ್ತು.

"ಹೋಗ್ಲಿ ಬಿಡಿ ಸಿಸ್ಟರ್, ಹೇಳಿದ್ರಲ್ಲ. ನೀವ್ ನಂಗ್ ನೆನಪಿದೀರ. ನಿಮ್ಗೂ ಆವಾಗ ಏಳನೇ ತಿಂಗಳೋ ಏನೋ ನಡೀತಿತ್ತು ಅಲ್ವಾ? ಏನ್ ಮಗು ನಿಮ್ದು?"

ಆಸ್ಪತ್ರೆಯಿಂದ ಬಂದ ಮೇಲೆ ನನ್ನನ್ನು ಯಾರೂ ಇದನ್ನು ಕೇಳಿರಲಿಲ್ಲ. ನಮ್ಮ ಮನೆಯಲ್ಲೂ ಯಾರೂ ಆ ಮಾತು ಆಡುತ್ತಿರಲಿಲ್ಲ. ಅಡುಗೆಮನೆಯಲ್ಲಿ ಅತ್ತೆಯ ಕೈಯ ಪಾತ್ರೆಯ ಸದ್ದು ನಿಂತಿತು.

"ಹೆಣ್ಣು," ಎಂದೆ. ಹಣೆಬರಹ ಅನ್ನದೆ, ಉಳಿದದ್ದನ್ನೂ ಹೇಳಿದೆ.